ಎರಡು ನಿಷಾದ

ಶರ್ಮಿಳಾ ಮಸ್ಕರೇನ್ಹಸ್‌ಗೆ ಅಮರೇಶ್ವರನ ಮುಖ ಕಂಡರೆ ಆಗುತ್ತಿರಲಿಲ್ಲ. ಹಾಗಂತ ಆ ಮುಖ ನೋಡದೆ ಇರುವ ಹಾಗೂ ಇರಲಿಲ್ಲ. ಬುಧವಾರ ಸಂಜೆ ಬಂತೆಂದರೆ ಜರ್ಸಿ ಸಿಟಿಯ ಹಳೆಯ ಚರ್ಚೊಂದರ ನೆಲಮಾಳಿಗೆಯಲ್ಲಿ, ಅರ್ಧಚಂದ್ರಾಕಾರವಾಗಿ ಜೋಡಿಸಿದ ಮಡಚುವ ಕುರ್ಚಿಗಳಲ್ಲಿ, ಅವನು ಸರಿಯಾಗಿ ಅವಳ ಎದುರಿಗೇ ಕೂರುತ್ತಿದ್ದ. ಇಬ್ಬರೂ ಒಂದೇ ಕ್ವಾಯರಿನವರು, ಒಟ್ಟಾಗಿ ಹಾಡುವ ತಂಡದವರು. ಅವಳದು ಸೊಪ್ರಾನೊ, ಎಲ್ಲಕ್ಕಿಂತ ಮೇಲಿನ ಹೆಣ್ಣುದನಿ. ಅವನದು ಟೆನರ್, ಗಂಡಸರ ಮೇಲುದನಿ. ಅವನು ಕಣ್ಣು ಮುಚ್ಚಿ, ಎಡಗೈಯನ್ನು ಗಾಳಿಯಲ್ಲಿ ಆಡಿಸುತ್ತ ಹಾಡುತ್ತಿದ್ದ. ಹಿಂದೆ ಅದು ಅವಳಿಗೆ ಚೆಂದ ಕಾಣುತ್ತಿತ್ತು. ಈಗ ಆ ಕೈಯನ್ನು ಕುರ್ಚಿಯ ಕಾಲಿಗೆ ಕಟ್ಟಿಹಾಕಬೇಕು ಅನಿಸುತ್ತಿತ್ತು.

ದ್ವೇಷಕ್ಕೆ ಎಷ್ಟೋ ಸಲ ಕಾರಣ ಹುಡುಕಿಕೊಳ್ಳಬೇಕಾಗುತ್ತದೆ. ಶರ್ಮಿಳಾಗೆ ಆ ಕಷ್ಟ ಇರಲಿಲ್ಲ. ನದಿದಂಡೆಯ ಬ್ಯಾಂಕೊಂದರ ಕಚೇರಿಯಲ್ಲಿ ಅವನು ಅವಳ ಮ್ಯಾನೇಜರಾಗಿದ್ದವನು. ಅವಳು ಮಂಗಳೂರಿನವಳು, ಅವನು ರಾಯಚೂರಿನ ಕಡೆಯವನು. ಒಬ್ಬರ ಕನ್ನಡ ಇನ್ನೊಬ್ಬರಿಗೆ ನಗು ತರಿಸುವಂಥದ್ದು. ಆದರೂ ಊಟದ ಹೊತ್ತಿನಲ್ಲಿ ಇಬ್ಬರೂ ಕನ್ನಡದಲ್ಲೇ ಹರಟುತ್ತಿದ್ದರು. 2008ರ ಸೆಪ್ಟೆಂಬರಿನಲ್ಲಿ ನದಿಯಾಚೆ ಮ್ಯಾನ್‌ಹಟನ್ನಿನಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿಕೊಂಡವು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ವಾರ ಅಮರೇಶ್ವರ ಅವಳನ್ನು ಗಾಜಿನ ಕೋಣೆಯೊಂದಕ್ಕೆ ಕರೆದ. ಒಳಗೆ ಎಚ್.ಆರ್.ನವಳು ಟಿಶ್ಯೂ ಡಬ್ಬಿ ಸಮೇತ ಕೂತಿದ್ದಳು. ಅಷ್ಟು ವರ್ಷ ಕನ್ನಡದಲ್ಲಿ ಮಾತಾಡಿದವನು ಅವತ್ತು ಕಿಟಕಿಯ ಕಡೆ ತಿರುಗಿಕೊಂಡು, “ಯುವರ್ ಪೊಸಿಷನ್ ಹ್ಯಾಸ್ ಬೀನ್ ಎಲಿಮಿನೇಟೆಡ್” ಎಂದ. ಜಿರಲೆಗೆ ಬಳಸುವ ಪದ! ಆಮೇಲೆ ಒಬ್ಬ ಗಾರ್ಡು ಅವಳ ರಟ್ಟಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಬಾಗಿಲ ತನಕ ಬಂದ. ಕಳ್ಳಿಯನ್ನು ಕಳಿಸಿಕೊಟ್ಟ ಹಾಗಿತ್ತು.

ಫೆಬ್ರವರಿಯಲ್ಲಿ ಅಮರೇಶ್ವರನ ಕೆಲಸವೂ ಹೋಯಿತು. ಸುದ್ದಿ ಕೇಳಿದ ದಿನ ಶರ್ಮಿಳಾ ವುಡ್‌ಬ್ರಿಡ್ಜಿನ ತನ್ನ ಮನೆಯಲ್ಲಿ ಹಂದಿಮಾಂಸದ ಬಾಫಾತ್ ಮಾಡಿ, ಅದಕ್ಕೆ ಜೊತೆಯಾಗಿ ಇಡ್ಲಿಯಂಥ ಸಾನ್ನಾ ಬೇಯಿಸಿದಳು. ಏನು ಹಬ್ಬ ಎಂದು ಗಂಡ ಸ್ಟ್ಯಾನಿ ಕೇಳಿದ್ದಕ್ಕೆ, ಹಬ್ಬವೇ ಎಂದಳು. ಬೇರೆಯವರ ಕಷ್ಟಕ್ಕೆ ಖುಷಿಪಡುವುದು ಪಾಪವೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಪಾದ್ರಿಯ ಹತ್ತಿರ ಹೋಗಿ ಹೇಳಿಕೊಳ್ಳಬೇಕಾಗಿತ್ತು, ಹೋಗಲಿಲ್ಲ.

ಅವಳ ಹೊಟ್ಟೆ ಉರಿಸಿದ ಇನ್ನೊಂದು ಸಂಗತಿಯೆಂದರೆ, ಅವನನ್ನು ಕ್ವಾಯರಿಗೆ ಎಳೆತಂದವಳು ಅವಳೇ. ಕನ್ನಡ ಕೂಟದ ಕಾರ್ಯಕ್ರಮವೊಂದರಲ್ಲಿ ಅವನ ಹಿಂದೂಸ್ತಾನಿ ಗಾಯನ ಕೇಳಿ, ನಮ್ಮಲ್ಲಿ ಟೆನರ್‌ಗೆ ಜನ ಇಲ್ಲ, ಬನ್ನಿ ಮಾರಾಯ್ರೆ ಎಂದು ದುಂಬಾಲು ಬಿದ್ದಿದ್ದಳು. ಬಂದವನು ಈಗ ಗೂಟ ಹೊಡೆದುಕೊಂಡು ಕೂತಿದ್ದ. ನೀನೇ ಬಿಟ್ಟುಬಿಟ್ಟರೆ ಆಯಿತಲ್ಲ ಎಂದು ಸ್ಟ್ಯಾನಿ ಹೇಳಿದ. ಅವಳು ಬಿಡುವವಳಲ್ಲ. ಕೆಲಸ ಹೋದ ಮೇಲೆ ವಾರವೆಲ್ಲ ಅವಳು ಯಾರಿಗೂ ಬೇಕಿರಲಿಲ್ಲ. ಕಳಿಸಿದ ಅರ್ಜಿಗಳಿಗೆ ಇಲ್ಲ ಎನ್ನುವ ಸೌಜನ್ಯವೂ ಯಾರಿಗೂ ಇರಲಿಲ್ಲ. ಬುಧವಾರ ಮಾತ್ರ ಅವಳು ಒಂದು ಜಾಗಕ್ಕೆ ಬೇಕಾದವಳು. ಅವತ್ತು ಆಫೀಸಿಗೆ ಉಡುತ್ತಿದ್ದ ಬಟ್ಟೆಗೇ ಇಸ್ತ್ರಿ ಹಾಕಿಕೊಂಡು ಹೊರಡುತ್ತಿದ್ದಳು. ಒಂದು ಕಡೆಯಿಂದ ಇವನು ಹೊರಗೆ ಹಾಕಿಯಾಗಿತ್ತು, ಇನ್ನೊಂದು ಕಡೆಯಿಂದಲೂ ಇವನಿಗಾಗಿ ಹೊರಬೀಳಲು ಅವಳೇನು ಹುಚ್ಚಿಯೇ?

ಕ್ವಾಯರ್ ನಡೆಸುತ್ತಿದ್ದವಳು ಮಿಸ್ ಹ್ಯಾರಿಯೆಟ್, ಶಾಲೆಯಿಂದ ನಿವೃತ್ತಳಾದ ಸಂಗೀತದ ಟೀಚರು, ಎಪ್ಪತ್ತು ದಾಟಿದವಳು, ಕಡ್ಡಿಯಂಥ ಮೈ, ಚಾಕುವಿನಂಥ ನಾಲಿಗೆ. ಅವಳ ಮಟ್ಟಿಗೆ ಯುರೋಪಿನ ಸಂಗೀತ ನಾನ್ನೂರು ವರ್ಷದ ಹಿಂದೆ, ಮಾಂಟೆವರ್ಡಿಯ ಕಾಲಕ್ಕೆ, ಮುಗಿದಿತ್ತು. ಆಮೇಲಿನದೆಲ್ಲ ಪಿಯಾನೊ ಮಾರುವವರ ಹುನ್ನಾರ. ಹಾಗಾಗಿ ಕ್ವಾಯರಿನ ಹನ್ನೊಂದು ಜನ ರೆನೆಸಾನ್ಸ್ ಕಾಲದ್ದನ್ನೇ ಹಾಡುತ್ತಿದ್ದರು. ಜೋಸ್ಕಾನ್ ಎಂಬವನ ಹಾಡುಗಳಲ್ಲಿ ಒಂದು ದನಿ ಮುಂದೆ ಹೊರಟರೆ ಇನ್ನೊಂದು ಅದೇ ಧಾಟಿ ಹಿಡಿದು ಬೆನ್ನಿಗೆ ಬರುತ್ತದೆ. ಪಾಲೆಸ್ತ್ರೀನಾ ಎಂಬವನದು ಬೇರೆ ರೀತಿ: ತುಂಬಿದ ಬಸ್ಸಿನಲ್ಲೂ ಯಾರ ಮೊಣಕೈ ಯಾರಿಗೂ ತಾಗದ ಹಾಗೆ ದನಿಗಳನ್ನು ನಡೆಸುತ್ತಾನೆ. ಇನ್ನು ಕೆಲವರು ಬೀದಿಯ ಪ್ರೇಮಗೀತೆಯ ಧಾಟಿಯನ್ನು ರಬ್ಬರಿನ ಹಾಗೆ ಎಳೆದು ಟೆನರ್‌ನ ಬಾಯಲ್ಲಿಟ್ಟು, ಅದರ ಸುತ್ತ ಇಡೀ ಪೂಜೆಯ ಸಂಗೀತ ಕಟ್ಟಿದವರು. ಮುಂದೆ ಪಾದ್ರಿಗಳಿಗೆ ಗೊತ್ತಾಗಿ ರಂಪವಾಯಿತಂತೆ. ಇಂಥದ್ದನ್ನು ಹೇಳುವಾಗ ಮಾತ್ರ ಮಿಸ್ ಹ್ಯಾರಿಯೆಟ್ ನಗುತ್ತಿದ್ದಳು.

ಹಾಡಿಸುವ ಕ್ರಮದಲ್ಲೂ ಅವಳದು ಹಟ. ಆ ಕಾಲದಲ್ಲಿ ಎಲ್ಲ ದನಿಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡುವ ರೂಢಿ ಇರಲಿಲ್ಲ. ಹಾಡುವವರ ಕೈಗೆ ಅವರವರ ದನಿಯಷ್ಟೇ ಸಿಗುತ್ತಿತ್ತು. ಪಕ್ಕದವನು ಏನು ಹಾಡುತ್ತಾನೆಂಬುದನ್ನು ಕಿವಿಯಿಂದ ತಿಳಿಯಬೇಕು. ತಾಳಕ್ಕೆ ಗೆರೆಯಿಲ್ಲ, ಕೈ ಕೆಳಗೆ, ಕೈ ಮೇಲೆ, ಅಷ್ಟೆ. ಮೊದಲ ದಿನ ಅದನ್ನು ನೋಡಿ ಅಮರೇಶ್ವರ, “ಇದು ನಮ್ಮ ತಾಳಾನ ಅಲ್ಲೇನ್ರೀ” ಎಂದು ಮಗುವಿನ ಹಾಗೆ ಖುಷಿಪಟ್ಟಿದ್ದ. ಇನ್ನೂ ಒಂದು ರೂಢಿಯಿತ್ತು. ಕೆಲವು ಸ್ವರಗಳನ್ನು ಸ್ವಲ್ಪ ಏರಿಸಬೇಕಾದ ಕಡೆ ಅದರ ಗುರುತನ್ನು, ಅಂದರೆ ಶಾರ್ಪನ್ನು, ಬರೆಯುತ್ತಲೇ ಇರಲಿಲ್ಲ. ಹಾಡುವವನಿಗೆ ಅಷ್ಟೂ ಗೊತ್ತಿಲ್ಲದಿದ್ದರೆ ಅವನು ಹಾಡುವುದಾದರೂ ಯಾಕೆ ಎಂಬ ಧೋರಣೆ.

ಜಗಳ ಹುಟ್ಟಿದ್ದು ಅಲ್ಲೇ.

ಈಸ್ಟರಿಗೆ ಮುಂಚೆ ಮ್ಯಾನ್‌ಹಟನ್ನಿನ ಒಂದು ಚರ್ಚಿನಲ್ಲಿ ಹಾಡುವುದಿತ್ತು. ಅದಕ್ಕೆಂದು ಮಿಸ್ ಹ್ಯಾರಿಯೆಟ್ ಎಲ್ಲಿಂದಲೋ ಒಂದು ಮೋಟೆಟ್ ತಂದಳು. ಮೋಟೆಟ್ ಅಂದರೆ ಲ್ಯಾಟಿನ್ ಪ್ರಾರ್ಥನೆಯ ಹಾಡು, ಇದು ಐದು ದನಿಯದು. ಬರೆದವನು ಇಂಗ್ಲೆಂಡಿನವನು, ಹೆಸರು ಉಳಿದಿಲ್ಲ. ಕೊನೆಯಲ್ಲಿ ‘ಕರುಣೆ ತೋರು’ ಎಂಬ ಅರ್ಥದ ಮಾತು ಬರುತ್ತದೆ. ಅಲ್ಲಿ ಶರ್ಮಿಳಾಳ ದನಿ ಮೇಲಿನಿಂದ ಕೆಳಗಿಳಿಯುತ್ತದೆ, ಅಮರೇಶ್ವರನ ದನಿ ಕೆಳಗಿನಿಂದ ಮೇಲಕ್ಕೇರುತ್ತದೆ. ಇಳಿಯುವ ದಾರಿಯಲ್ಲಿ ಅವಳು ಹಾಡುವ ಸ್ವರಕ್ಕೆ ಅವಳು ಎಫ್ ಅನ್ನುತ್ತಿದ್ದಳು, ಅವನು ಕೋಮಲ ನಿಷಾದ ಅನ್ನುತ್ತಿದ್ದ. ಏರುವ ದಾರಿಯಲ್ಲಿ ಅವನು ಅದೇ ಕ್ಷಣಕ್ಕೆ ಹಾಡುತ್ತಿದ್ದುದು ಅದಕ್ಕಿಂತ ಒಂದೇ ಕೂದಲೆಳೆ ಮೇಲಿನ ಶುದ್ಧ ನಿಷಾದ. ಎರಡೂ ಕೂಡಿ ಬಂದಾಗ ಗಾಜಿನ ಮೇಲೆ ಉಗುರು ಕೆರೆದಂತಾಗುತ್ತಿತ್ತು. ಮೊದಲ ಸಲ ಆ ಸದ್ದು ಕೇಳಿ ಇಬ್ಬರೂ ಒಟ್ಟಿಗೆ ಹಾಡು ನಿಲ್ಲಿಸಿದರು.

“ಶರ್ಮಿಳಾ ಮೇಡಂ, ನಿಮ್ಮದು ತಪ್ಪಾತು” ಎಂದ ಅಮರೇಶ್ವರ.

ಆ ಗಾಜಿನ ಕೋಣೆಯಾದ ಮೇಲೆ ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು. ಶರ್ಮಿಳಾಳ ಮೈಯೆಲ್ಲ ಉರಿದುಹೋಯಿತು.

“ನನ್ನ ಪುಸ್ತಕದಲ್ಲಿ ಇದ್ದದ್ದನ್ನು ನಾನು ಹಾಡಿದ್ದು. ನಿಮ್ಮ ಪುಸ್ತಕದಲ್ಲಿ ಶಾರ್ಪ್ ಉಂಟಾ? ತೋರಿಸಿ.”

“ಬರ್ದಿರೂದಿಲ್ರೀ. ಷಡ್ಜಕ್ಕ ಏರೂ ಮುಂದ ನಿಷಾದ ಶುದ್ಧ ಆಗಬೇಕು. ಅದನ್ನ ಏನ್ ಬರೀತಾರ?”

“ಬರೆಯದ್ದನ್ನು ಹಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು? ನಾನು ಎಂತ ಹಾಡ್ತೇನೆ ಅಂತ ಕೇಳ್ತದಲ್ಲ, ಕಿವಿ ಉಂಟಾ ಇಲ್ವಾ?”

“ಕೇಳತದ. ತಪ್ಪ ಹಾಡಾಕತ್ತೀರಿ ಅಂತನ ಕೇಳತದ.”

ಉಳಿದವರಿಗೆ ಕನ್ನಡ ಬಾರದಿದ್ದರೂ ಇದು ಸ್ವರದ ವಿಚಾರವಷ್ಟೇ ಅಲ್ಲವೆಂದು ಗೊತ್ತಾಗಿ ಎಲ್ಲರೂ ಪುಸ್ತಕದಲ್ಲಿ ಮುಖ ಹುದುಗಿಸಿದರು. ಮಿಸ್ ಹ್ಯಾರಿಯೆಟ್ ಕಡೆ ಇಬ್ಬರೂ ತಿರುಗಿದರು. ಅವಳು ಕನ್ನಡಕ ಒರೆಸಿಕೊಂಡು, ಮುಂದಕ್ಕೆ ಹೋಗೋಣ ಎಂದಳು. ಹೀಗೇ ವಾರಗಟ್ಟಲೆ ನಡೆಯಿತು. ಆ ಜಾಗ ಬಂದಾಗ ಶರ್ಮಿಳಾ ಇನ್ನಷ್ಟು ಗಟ್ಟಿಯಾಗಿ ಇಳಿಯುವಳು, ಅಮರೇಶ್ವರ ಇನ್ನಷ್ಟು ಗಟ್ಟಿಯಾಗಿ ಏರುವನು. ಅವರಿಬ್ಬರ ನಡುವೆ ಕೂತ, ಹೆಣ್ಣುದನಿಗಳಲ್ಲಿ ಕೆಳಗಿನದಾದ ಆಲ್ಟೊ ಹಾಡುವ ಹೆಂಗಸು ತಲೆನೋವಿನ ಮಾತ್ರೆ ತರತೊಡಗಿದಳು.

ಮಾರ್ಚ್ ತಿಂಗಳ ಒಂದು ಬುಧವಾರ ಶರ್ಮಿಳಾ ಪುಸ್ತಕ ಮುಚ್ಚಿ ಎದ್ದು ನಿಂತಳು. ಅವತ್ತು ಬೆಳಿಗ್ಗೆಯಷ್ಟೇ, ಇಂಟರ್‌ವ್ಯೂಗೆ ಕರೆಯುತ್ತೇವೆ ಎಂದಿದ್ದ ಒಂದು ಕಡೆಯವರು ಆ ಹುದ್ದೆಯೇ ಇಲ್ಲವೆಂದು ಫೋನಿನಲ್ಲಿ ತಿಳಿಸಿದ್ದರು. ಎಲ್ಲರಿಗೂ ತಿಳಿಯಲೆಂದು ಅವಳು ಇಂಗ್ಲಿಷಿನಲ್ಲೇ ಹೇಳಿದಳು: ಮಿಸ್ ಹ್ಯಾರಿಯೆಟ್ ಇದನ್ನು ತೀರ್ಮಾನ ಮಾಡಲಿ. ನನ್ನ ಸ್ವರ ತಪ್ಪಾದರೆ ನಾನು ಈ ಕ್ವಾಯರ್ ಬಿಟ್ಟುಹೋಗುತ್ತೇನೆ. ಇವರದು ತಪ್ಪಾದರೆ ಇವರು ಹೋಗಬೇಕು.

ಅಮರೇಶ್ವರ ಬೇಡ ಎನ್ನಬಹುದಿತ್ತು. ಅವನು ತಲೆ ಎತ್ತಿ, “ಆಗಲ್ರೀ” ಎಂದ. ಮಿಸ್ ಹ್ಯಾರಿಯೆಟ್ ಇಬ್ಬರನ್ನೂ ನೋಡಿ, ಮುಂದಿನ ವಾರ ಹೇಳುತ್ತೇನೆ ಎಂದಳು.

ಆ ವಾರ ಶರ್ಮಿಳಾ ಅಡುಗೆಮನೆಯಲ್ಲಿ, ಕಾರಿನಲ್ಲಿ, ಬಟ್ಟೆ ಮಡಚುವಾಗ, ಎಲ್ಲೆಂದರಲ್ಲಿ ಆ ಸಾಲು ಹಾಡಿಕೊಂಡಳು. ಸುಮ್ಮನೆ ನೋಡೋಣವೆಂದು ಇಳಿಯುವಾಗ ಅವನ ಸ್ವರ ಹಾಕಿದಳು. ಸಾರಿಗೆ ಸಕ್ಕರೆ ಸುರಿದಂತಾಯಿತು. ತನ್ನದೇ ಸರಿ, ಅನುಮಾನವೇ ಇಲ್ಲ. ಆದರೂ ಎದೆಯಲ್ಲಿ ಅಳುಕು. ಯಾಕೆಂದರೆ ಅಮರೇಶ್ವರನ ಕಿವಿ ಎಂಥದ್ದೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಅದನ್ನು ನಂಬಿಯೇ ಅಲ್ಲವೇ ಅವನನ್ನು ಕರೆತಂದದ್ದು? ಸ್ಟ್ಯಾನಿ ರಾತ್ರಿಪಾಳಿ ಮುಗಿಸಿ ಆಸ್ಪತ್ರೆಯಿಂದ ಬಂದವನು, ಒಂದು ಸ್ವರಕ್ಕೆ ಇಷ್ಟೆಲ್ಲಾನಾ ಎಂದು ಕೊಂಕಣಿಯಲ್ಲಿ ಗೊಣಗಿದ. ಸ್ವರಕ್ಕಲ್ಲ ಎಂದಳು. ಅಮರೇಶ್ವರ ತಪ್ಪು ಎಂದು ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಎದುರಿಗೆ ತೀರ್ಮಾನವಾಗಬೇಕು. ಗಾಜಿನ ಕೋಣೆಯಲ್ಲಿ ಅವಳ ಕಡೆ ಮಾತಾಡುವವರು ಯಾರೂ ಇರಲಿಲ್ಲ.

ಬುಧವಾರ ಮಿಸ್ ಹ್ಯಾರಿಯೆಟ್ ಬೇರೆ ಏನನ್ನೂ ಮುಟ್ಟಲಿಲ್ಲ. ಇಬ್ಬರನ್ನೂ ಎಬ್ಬಿಸಿ, ಮುಖಕ್ಕೆ ಮುಖ ನಿಲ್ಲಿಸಿ, ಉಳಿದವರು ಸುಮ್ಮನಿರಿ ಎಂದು, ಆ ಜಾಗವನ್ನು ಆಮೆಯ ವೇಗದಲ್ಲಿ ಹಾಡಿಸಿದಳು. ಶರ್ಮಿಳಾ ಇಳಿದಳು, ಅಮರೇಶ್ವರ ಏರಿದ. ಎರಡು ಸ್ವರ ಢಿಕ್ಕಿ ಹೊಡೆದು ಹಲ್ಲು ಜುಂ ಎಂದಿತು. ಮತ್ತೆ ಹಾಡಿ ಎಂದಳು ಮಿಸ್ ಹ್ಯಾರಿಯೆಟ್. ಈ ಸಲ ಕೆಳಗಿನ ಬಾಸ್ ದನಿಯನ್ನು ಸೇರಿಸಿದಳು. ಜುಂ ಎನ್ನುವುದು ಹಾಗೇ ಇತ್ತು, ಆದರೆ ಅದಕ್ಕೆ ಕಾಲೂರಲು ನೆಲ ಸಿಕ್ಕಿತ್ತು. ಮೂರನೇ ಸಲ ಎಲ್ಲರನ್ನೂ ಸೇರಿಸಿದಳು.

ಆಗ ಶರ್ಮಿಳಾಗೆ ಕೇಳಿಸಿತು. ಇಷ್ಟು ದಿನ ಅವಳು ಅವನ ತಪ್ಪನ್ನು ಕೇಳಿಸಿಕೊಳ್ಳುತ್ತಿದ್ದಳೇ ಹೊರತು ಹಾಡನ್ನಲ್ಲ. ಕರುಣೆ ತೋರು ಎಂದು ಬೇಡುವ ಆ ಮಾತಿನ ನಟ್ಟನಡುವೆ ಯಾರದೋ ಗಂಟಲು ಕಟ್ಟಿ, ದನಿ ಸೀಳಿ, ಮರುಕ್ಷಣ ಸರಿಹೋದಂತಿತ್ತು. ಕೈಮುಗಿದು ನಯವಾಗಿ ಕೇಳುವವನ ದನಿ ಅದಲ್ಲ. ಬೇರೆ ದಾರಿಯೇ ಇಲ್ಲದವನು ಹಲ್ಲು ಕಚ್ಚಿಕೊಂಡು ಕೇಳುವ ದನಿ. ಅವಳಿಗೆ ನಾಚಿಕೆಯಾಯಿತು.

ಇಬ್ಬರದೂ ಸರಿ ಎಂದಳು ಮಿಸ್ ಹ್ಯಾರಿಯೆಟ್. ಆ ಕಾಲದ ಇಂಗ್ಲಿಷರಿಗೆ ಇದು ಬಹಳ ಇಷ್ಟವಿತ್ತು. ಏರುವವನು ಏರುವವನ ಸ್ವರ ಹಾಡಬೇಕು, ಇಳಿಯುವವಳು ಇಳಿಯುವವಳದ್ದು, ಇಬ್ಬರೂ ಒಟ್ಟಿಗೆ ಬಂದು ಗುದ್ದಿಕೊಂಡರೆ ಗುದ್ದಿಕೊಳ್ಳಲಿ.

ಅಮರೇಶ್ವರ ಕಣ್ಣರಳಿಸಿದ. ಸಿಟ್ಟುಗಿಟ್ಟು ಮರೆತು ಅವಳ ಕಡೆಗೇ ತಿರುಗಿ, “ಏರೂ ಮುಂದ ಶುದ್ಧ, ಇಳಿಯೂ ಮುಂದ ಕೋಮಲ. ದೇಸ್ ರಾಗದಾಗ ಎರಡೂ ಅದಾವ್ರೀ. ಆದ್ರ ನಮ್ಮಲ್ಲಿ ಒಬ್ಬಾಂವ ಹಾಡ್ತಾನ, ಒಂದಾದ ಮ್ಯಾಲೆ ಒಂದು ಬರತಾವ. ಈ ಮನಷ್ಯಾ ಎರಡನ್ನೂ ಒಮ್ಮೆಲೇ ಹಾಡಿಸ್ಯಾನ ನೋಡ್ರಿ” ಎಂದು ತಲೆದೂಗಿದ. ಮುಖದ ತುಂಬ ನಗು.

ಶರ್ಮಿಳಾ ನಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗಿತ್ತು. ಇವನು ಇಲ್ಲೂ ಸರಿಯಂತೆ! ಅವಳು ಮಿಸ್ ಹ್ಯಾರಿಯೆಟ್ ಮೇಲೆ ತಿರುಗಿಬಿದ್ದಳು. ಮೊದಲೇ ಗೊತ್ತಿತ್ತೇ ನಿಮಗೆ? ಗೊತ್ತಿದ್ದೂ ಇಷ್ಟು ವಾರ ನಮ್ಮನ್ನು ನಾಯಿಗಳ ಹಾಗೆ ಕಚ್ಚಾಡಲು ಬಿಟ್ಟಿರೇ?

ಗೊತ್ತಿತ್ತು ಎಂದಳು ಮುದುಕಿ, ಒಂದಿಷ್ಟೂ ಅಳುಕದೆ. ಈ ಹಾಡನ್ನು ಮೂರು ಕ್ವಾಯರುಗಳಿಗೆ ಕಲಿಸಿ ಸೋತಿದ್ದೇನೆ. ಎಲ್ಲ ಕಡೆಯೂ ಒಳ್ಳೆಯವರೇ ಇದ್ದರು. ಹೀಗೆ ಎಂದು ಮೊದಲೇ ಹೇಳಿದರೆ ಯಾರಾದರೊಬ್ಬರು ಸಾರಿ ಎಂದು ದನಿ ತಗ್ಗಿಸುತ್ತಿದ್ದರು. ನೀವಿಬ್ಬರು ತಗ್ಗಲಿಲ್ಲ. ಅಷ್ಟು ಹೇಳಿ, ಮೊದಲಿನಿಂದ ಹಾಡೋಣ ಎಂದು ಕೈ ಎತ್ತಿದಳು.

ಅಭ್ಯಾಸ ಮುಗಿದ ಮೇಲೆ ಇಬ್ಬರೂ ನೆವಾರ್ಕ್ ಕಡೆಯ ಗಾಡಿಗೆ ಒಂದೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಬೇರೆ ದಿನ ಆಗಿದ್ದರೆ ಅವಳು ಕಂಬದ ಮರೆಗೆ ಹೋಗುತ್ತಿದ್ದಳು. ಅವತ್ತು ನೇರ ಅವನ ಹತ್ತಿರ ಹೋದಳು.

“ಒಂದು ಕೇಳ್ತೇನೆ. ಲೇಆಫ್‌ಗೆ ನನ್ನ ಹೆಸರು ಯಾಕೆ ಕೊಟ್ಟದ್ದು?”

ಅವನು ಹಳಿಯ ಕಡೆ ನೋಡಿದ. “ನಿಮ್ಮ ಕೆಲಸದಾಗ ಏನೂ ತಪ್ಪ ಇರಲಿಲ್ರೀ.”

“ಅದು ನನಗೆ ಗೊತ್ತುಂಟು. ಯಾಕೆ ಅಂತ ಕೇಳಿದ್ದು.”

“ಒಬ್ಬರನ್ನ ತಗೀರಿ ಅಂದ್ರು. ಉಳಿದವರದೆಲ್ಲಾ ವೀಸಾ ಕಂಪನಿ ಮ್ಯಾಲೆ ಇತ್ತು. ಕೆಲಸ ಹೋದ್ರ ದೇಶಾನ ಬಿಡಬೇಕಿತ್ತು. ನಿಮಗ ಗ್ರೀನ್ ಕಾರ್ಡ್ ಅದ, ಯಜಮಾನ್ರು ಆಸ್ಪತ್ರೆದಾಗ ದುಡೀತಾರ. ನೀವು ತಡ್ಕೋತೀರಿ ಅನಿಸ್ತು.”

“ನನ್ನ ಕೆಲಸ ತೂಗಲಿಕ್ಕೆ ನನ್ನ ಗಂಡನ ಸಂಬಳ ಹಾಕಿದ್ರಾ ತಕ್ಕಡಿಗೆ? ನನ್ನನ್ನು ಒಂದು ಮಾತು ಕೇಳಿದ್ರಾ?”

“ಕೇಳಿದ್ರ ಏನ್ ಹೇಳ್ತಿದ್ರಿ?”

“ಬೈತಿದ್ದೆ.”

“ಅದಕ್ಕ ಕೇಳಲಿಲ್ಲ.”

ಎದುರಿನ ಹಳಿಯಲ್ಲಿ ಗಾಡಿಯೊಂದು ಸದ್ದು ಮಾಡಿಕೊಂಡು ಹೋಯಿತು. ಆಮೇಲೆ ಅವಳು, ಅಷ್ಟು ತಿಂಗಳು ಗಂಟಲಲ್ಲಿ ಮುಳ್ಳಾಗಿ ಕೂತಿದ್ದನ್ನು ಕೇಳಿದಳು.

“ಅವತ್ತು ಇಂಗ್ಲಿಷಲ್ಲಿ ಯಾಕೆ ಮಾತಾಡಿದ್ದು?”

“ಕನ್ನಡದಾಗ ಹೇಳಾಕ ಬಾಯಿ ಬರಲಿಲ್ರೀ” ಎಂದ.

ಆ ಮಾತು ಅವಳ ಒಳಗೆ ಎಲ್ಲಿಗೋ ತಾಗಿತು. ತಾಗಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ನೆನಪಿಟ್ಕೊಳ್ಳಿ. ಅಲ್ಲಿ ನೆಲಮಾಳಿಗೆಯಲ್ಲಿ ಇಬ್ಬರದ್ದೂ ಸರಿ ಇರಬಹುದು. ಇದರಲ್ಲಿ ಹಾಗಿಲ್ಲ. ಇದರಲ್ಲಿ ನೀವು ತಪ್ಪು.”

“ಇರಬಹುದು. ಆದ್ರ ಇವತ್ತ ಕೇಳಿದ್ರೂ ಅದ ಹೆಸರ ಕೊಡ್ತಿದ್ದೆ.”

ಗಾಡಿ ಬಂತು. ಅವನು ಹತ್ತಿದ ಡಬ್ಬಿ ಬಿಟ್ಟು ಅವಳು ಬೇರೆ ಡಬ್ಬಿ ಹತ್ತಿದಳು.

ಮ್ಯಾನ್‌ಹಟನ್ನಿನ ಚರ್ಚಿನಲ್ಲಿ ಕಾರ್ಯಕ್ರಮದ ದಿನ, ಶುಕ್ರವಾರ ಮಧ್ಯಾಹ್ನ, ಜನ ತುಂಬಿದ್ದರು. ಕೆಲಸವಿಲ್ಲದ ವರ್ಷದಲ್ಲಿ ಪುಕ್ಕಟೆ ಸಂಗೀತಕ್ಕೆ ಜನ ಬರುತ್ತಾರೆ. ಕೋಟುಟೈ ಹಾಕಿಕೊಂಡು, ಹೋಗಲು ಆಫೀಸಿಲ್ಲದ ಗಂಡಸರು ಎಷ್ಟೋ ಮಂದಿ ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಕೊನೆಯ ಹಾಡಿನ ಆ ಮಾತು ಬಂದಾಗ ಶರ್ಮಿಳಾ ಪುಸ್ತಕ ನೋಡಲಿಲ್ಲ, ಅಮರೇಶ್ವರನನ್ನೇ ನೋಡಿದಳು. ಗಾಜಿನ ಕೋಣೆ, ಟಿಶ್ಯೂ ಡಬ್ಬಿ, ಗಾರ್ಡು, ರಟ್ಟಿನ ಪೆಟ್ಟಿಗೆ ಎಲ್ಲವನ್ನೂ ಆ ಒಂದು ಸ್ವರದ ಮೇಲೆ ಹೇರಿಕೊಂಡು ಕೆಳಗಿಳಿದಳು. ಅವನೂ ಈ ಸಲ ಕಣ್ಣು ಮುಚ್ಚಿರಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು, ಒಂದಿಷ್ಟೂ ಬಗ್ಗದೆ ಮೇಲಕ್ಕೇರಿದ. ಹಾಡು ಮುಗಿದ ಮೇಲೆ ಚಪ್ಪಾಳೆ ಬರಲು ಬಹಳ ಹೊತ್ತಾಯಿತು. ಮುಂದಿನ ಬೆಂಚಿನಲ್ಲಿ ಒಬ್ಬ ಮುದುಕ ಕರ್ಚೀಫಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಟುಹೋದರು.

ಜೂನ್‌ನಲ್ಲಿ ಅಮರೇಶ್ವರನಿಗೆ ಷಾರ್ಲಟ್‌ನಲ್ಲಿ ಕೆಲಸ ಸಿಕ್ಕಿ ಅವನು ಊರು ಬಿಟ್ಟ. ಶರ್ಮಿಳಾಗೆ ಹೇಳಿ ಹೋಗಲಿಲ್ಲ. ಹೇಳುವುದಕ್ಕೆ ಅವರೇನು ನೆಂಟರೇ? ಮಿಸ್ ಹ್ಯಾರಿಯೆಟ್ ಬಾಯಲ್ಲಿ ಕೇಳಿದಾಗ, ಪೀಡೆ ತೊಲಗಿತು ಎಂದುಕೊಂಡಳು. ಎದುರಿನ ಕುರ್ಚಿ ಖಾಲಿಯಾಯಿತು. ಅವಳ ಜಾಗ ಅವಳಿಗೇ ಉಳಿಯಿತು. ಬೇಕಾದದ್ದು ಇದೇ ತಾನೆ?

ಸೆಪ್ಟೆಂಬರಿನಲ್ಲಿ ಹೊಸ ಟೆನರ್ ಬಂದ. ಇವನನ್ನೂ ಕನ್ನಡ ಕೂಟದಿಂದ ಹಿಡಿದು ತಂದವಳು ಶರ್ಮಿಳಾಳೇ. ಹೆಸರು ಜಯರಾಮು, ಹಲ್ಲಿನ ಡಾಕ್ಟರು, ಮೈಸೂರಿನವನು. ಮೈಸೂರಿನವನು ಎಂದರೆ ಸಾಕು, ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ಚಿ ಎಳೆಯುವಾಗ ಕುರ್ಚಿಗೂ ನೋವಾಗಬಾರದು ಎನ್ನುವಂಥ ಮನುಷ್ಯ. ದನಿ ಬೆಣ್ಣೆ. ಪಾಲೆಸ್ತ್ರೀನಾವನ್ನು ಅವನು ಹಾಡಿದರೆ ಮಿಸ್ ಹ್ಯಾರಿಯೆಟ್ ಕೂಡ ತಲೆಯಾಡಿಸುತ್ತಿದ್ದಳು. ಡಿಸೆಂಬರಿನ ಕಾರ್ಯಕ್ರಮಕ್ಕೆ ಅದೇ ಮೋಟೆಟ್ಟನ್ನು ಮತ್ತೆ ಎತ್ತಿಕೊಂಡರು.

ಆ ಜಾಗ ಬಂತು. ಶರ್ಮಿಳಾ ಕೋಮಲಕ್ಕೆ ಇಳಿದಳು. ಏರುತ್ತಿದ್ದ ಜಯರಾಮುವಿಗೆ ಅವಳ ಸ್ವರ ಕೇಳಿಸಿತು. ತಕ್ಷಣ ಅವನೂ ತನ್ನದನ್ನು ಕೋಮಲ ಮಾಡಿಕೊಂಡು, ದಾರಿ ಬಿಟ್ಟುಕೊಟ್ಟವನ ಹಾಗೆ ಬದಿಗೆ ಸರಿದ. ಎಲ್ಲ ನುಣ್ಣಗೆ, ಸಿಹಿಯಾಗಿ ಮುಗಿಯಿತು. ಪಕ್ಕದ ಆಲ್ಟೊ ಹೆಂಗಸು ನೆಮ್ಮದಿಯಿಂದ ಮುಗುಳ್ನಕ್ಕಳು.

ಶರ್ಮಿಳಾಳ ಸ್ವರ ಅಲ್ಲೇ ಇತ್ತು, ಪುಸ್ತಕದಲ್ಲಿದ್ದ ಹಾಗೇ ಇತ್ತು. ಆದರೆ ಅದಕ್ಕೆ ಯಾವ ಅರ್ಥವೂ ಇರಲಿಲ್ಲ. ಮೆಟ್ಟಿಲು ಇಳಿದ ಹಾಗೆ ಒಂದು ಸ್ವರ, ಅಷ್ಟೆ. ಯಾರು ಬೇಕಾದರೂ ಇಳಿಯಬಹುದು.

“ಜಯರಾಮು ಅವರೇ, ಅಲ್ಲಿ ನೀವು ಶಾರ್ಪ್ ಹಾಡಬೇಕು. ಮಿಸ್ ಹ್ಯಾರಿಯೆಟ್ ಹೇಳಿದ್ರಲ್ಲ.”

“ಹೇಳಿದ್ರು ಮೇಡಂ. ಆದ್ರೆ ನಿಮ್ದು ಆ ಕಡೆ ಹೋಗ್ತಿತ್ತಲ್ಲ, ಕ್ಲ್ಯಾಶ್ ಆಗುತ್ತೆ, ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ…”

“ಆಗಲಿ. ತೊಂದರೆ ಕೊಡಿ ನನಗೆ.”

ಮತ್ತೆ ಹಾಡಿದರು. ಮತ್ತೆ ಸರಿದ. ಮೂರನೇ ಸಲ ಶುದ್ಧ ನಿಷಾದವನ್ನೇ ಹಾಡಿದ, ಆದರೆ ತೊಟ್ಟಿಲ ಕೂಸು ಎದ್ದೀತು ಎನ್ನುವಷ್ಟು ಮೆಲ್ಲಗೆ.

“ನಾನು ನಿಮ್ಮ ಕೆಲಸ ಕಿತ್ತವಳು ಅಂತ ತಿಳ್ಕೊಳ್ಳಿ” ಎಂದಳು ಶರ್ಮಿಳಾ.

“ಅಯ್ಯೋ, ನೀವ್ಯಾಕ್ ಮೇಡಂ ಹಾಗ್ ಮಾಡ್ತೀರಿ?” ಎಂದು ಜಯರಾಮು ನಿಜವಾಗಿ ನೊಂದುಕೊಂಡ.

ಮಿಸ್ ಹ್ಯಾರಿಯೆಟ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ಒಮ್ಮೆಲೇ ತೀರ ವಯಸ್ಸಾದವಳಂತೆ ಕಂಡಳು. ಈ ಹಾಡು ಬಿಟ್ಟುಬಿಡೋಣ, ಒಂದು ಸಲ ಸಿಕ್ಕಿತ್ತಲ್ಲ ಸಾಕು ಎಂದು, ಪುಸ್ತಕಗಳನ್ನು ವಾಪಸು ಕೊಡಲು ಹೇಳಿ ಕೈ ಚಾಚಿದಳು.

ಶರ್ಮಿಳಾ ಪುಸ್ತಕ ಕೊಡಲಿಲ್ಲ. ಅದನ್ನು ಕಂಕುಳಲ್ಲಿ ಒತ್ತಿ ಹಿಡಿದಳು. ಆ ಗಾಜಿನ ಕೋಣೆಯಿಂದ ಅವಳು ಹೊತ್ತು ತಂದ ಸಿಟ್ಟು ಕೆಲಸಕ್ಕೆ ಬಂದದ್ದು ಈ ಹಾಡೊಂದರಲ್ಲೇ. ಇದನ್ನೂ ಬಿಟ್ಟುಕೊಡಬೇಕೇ, ಅದೂ ಒಬ್ಬ ಸಭ್ಯ ಮನುಷ್ಯನ ದೆಸೆಯಿಂದ? ಐದು ನಿಮಿಷ ಕೊಡಿ ಎಂದು ಕೇಳಿ, ಚೀಲದಿಂದ ಫೋನ್ ತೆಗೆದಳು. ನಂಬರು ಅಳಿಸಿಹಾಕಬೇಕೆಂದು ಎಷ್ಟು ಸಲ ಅಂದುಕೊಂಡಿದ್ದಳೋ, ಅಳಿಸಿರಲಿಲ್ಲ.

“ಹಲೋ” ಎಂದಿತು ಷಾರ್ಲಟ್‌ನ ದನಿ. ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

“ನಾನು ಶರ್ಮಿಳಾ.”

“ಹೇಳ್ರಿ.”

“ಮೊದಲು ಒಂದು ಹೇಳಿ. ಇವತ್ತು ಕೇಳಿದ್ರೂ ನನ್ನ ಹೆಸರೇ ಕೊಡ್ತೀರಾ?”

ಅವನು ಯೋಚಿಸಿದ. ತಪ್ಪಾಯಿತು ಎಂದು ಅವನು ಹೇಳಲಿ ಎಂದು ಒಂದು ವರ್ಷ ಕಾದವಳು, ಈಗ ಎಲ್ಲಿ ಹೇಳಿಬಿಡುತ್ತಾನೋ ಎಂದು ಹೆದರಿದಳು.

“ಕೊಡ್ತೀನ್ರೀ” ಎಂದ ಅಮರೇಶ್ವರ.

“ಹಾಗಾದ್ರೆ ಹಾಡಿ. ಕೊನೆಯ ಆ ಜಾಗ. ಇಲ್ಲಿ ಒಬ್ಬರಿಗೆ ಕೇಳಬೇಕು.”

ಅವಳು ಫೋನನ್ನು ಸ್ಪೀಕರಿಗೆ ಹಾಕಿ, ಹಿಂದೆ ಅವನು ಕೂರುತ್ತಿದ್ದ ಕುರ್ಚಿಯ ಮೇಲಿಟ್ಟಳು. ಯಾಕೆ, ಏನು ಎಂದು ಅವನು ಕೇಳಲಿಲ್ಲ. ಕುಕ್ಕರಿನ ಸದ್ದು ನಿಂತಿತು. ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆಮೇಲೆ ಆ ಸಣ್ಣ ಫೋನಿನೊಳಗಿಂದ ಆ ದನಿ ಏರಿ ಬಂತು. ಅದೇ ಜಂಬ, ಅದೇ ಹಟ. ನಿಷಾದಕ್ಕೆ ಬಂದು ನಿಂತಾಗ ಶರ್ಮಿಳಾ ಅದರ ಮೇಲೆ ಇಳಿದಳು. ಗಾಜಿನ ಮೇಲೆ ಉಗುರು ಕೆರೆದಂತಾಯಿತು. ಮಿಸ್ ಹ್ಯಾರಿಯೆಟ್ ಚಾಚಿದ್ದ ಕೈ ಹಾಗೇ ನಿಂತಿತು.

ಜಯರಾಮು ಫೋನನ್ನೂ ಅವಳನ್ನೂ ಗಾಬರಿಯಿಂದ ನೋಡಿದ.

“ಮೇಡಂ, ನೀವಿಬ್ರೂ ಜಗಳ ಆಡ್ತಿದೀರಾ?”

“ಹೌದು” ಎಂದಳು ಶರ್ಮಿಳಾ. “ನಿಮಗೂ ಕಲಿಸ್ತೇನೆ. ಎದ್ದು ನಿಲ್ಲಿ.”